ಸಾಲಿನ ಕೊನೆಯ ತಿರುವು

ಮಾರ್ಚ್ 4

ಅಣ್ಣಾ,

ಫೋನಿನಲ್ಲಿ ಮಾತಾಡಿದ್ರೆ ನಿನಗೆ ಕೇಳಲ್ಲ. ಮೆಸೇಜು ಕಳಿಸಿದ್ರೆ "ಸರಿ" ಅಂತ ಎರಡಕ್ಷರ ಬಿಸಾಕಿ ಸುಮ್ಮನಾಗ್ತೀಯ. ನೀನು ಇಲ್ಲಿಂದ ಹೋಗಿ ಐದು ತಿಂಗಳಾಯ್ತು, ಹದಿನೇಳು "ಸರಿ" ಬಂದಿವೆ. ಅದಕ್ಕೇ ಕಾಗದ ತಗೊಂಡು ಕೂತಿದೀನಿ. ಬರೀ "ಸರಿ" ಅಂತ ಬರೆದು, ಲಕೋಟೆಗೆ ಹಾಕಿ, ಅಂಟು ನೆಕ್ಕಿ, ಅಂಚೆಪೆಟ್ಟಿಗೆವರೆಗೂ ನಡ್ಕೊಂಡು ಹೋಗೋಕೆ ನಿನಗೇ ನಾಚಿಕೆ ಆಗುತ್ತೆ, ನೋಡ್ತಿರು.

ನನ್ನ ಕಾಲು ವಾಸಿಯಾಗಿದೆ. ನೀನು ಕೇಳಲಿಲ್ಲ, ನಾನೇ ಹೇಳ್ತಿದೀನಿ. ಎಡಗಾಲಿನ ಹೆಬ್ಬೆರಳೂ ಅದರ ಪಕ್ಕದ್ದೂ ಹೋದ ಹೊಸದರಲ್ಲಿ ಒಂದು ಕಡೆ ವಾಲ್ತಿದ್ದೆ. ಈಗ ಬೂಟಿನ ಮುಂದುಗಡೆ ಹತ್ತಿ ತುರುಕಿಕೊಂಡು ನಡೆದ್ರೆ ಯಾರಿಗೂ ಗೊತ್ತಾಗಲ್ಲ. ಬಚ್ಚಲಿನಲ್ಲಿ ಮಾತ್ರ ಗೋಡೆ ಹಿಡ್ಕೋಬೇಕು. ನೀನು ಯಾಕೆ ಕೇಳಲ್ಲ ಅಂತಾನೂ ಗೊತ್ತು. ಕೇಳೋಕೆ ಹೆದರ್ತೀಯ.

ವಿಷಯಕ್ಕೆ ಬರ್ತೀನಿ. ಕೆಂಚ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದಾನೆ. ಮಣ್ಣು ಅಗೆಯೋ ಟಿಲ್ಲರಿಗೆ ಬಣ್ಣ ನೋಡಿ ಹೆಸರಿಟ್ಟು ಮುದ್ದು ಮಾಡಿದವನು ನೀನು, ಧೂಳು ಒರೆಸ್ತಿರೋಳು ನಾನು. ಮೊನ್ನೆ ಹೂವಿನ ಅಂಗಡಿಯವರು ಬಂದು, "ಸುಮ್ಮನೆ ಬಿದ್ದಿದೆಯಲ್ಲಾ, ನಮಗೆ ಕೊಟ್ಬಿಡಿ" ಅಂದ್ರು. ಯಂತ್ರ ನಿನ್ನದು, ನೀನೇ ಹೇಳು.

ಕೊಟ್ಟರೆ ಈ ವರ್ಷ ಬೀನ್ಸು ಬೆಳೆಯೋಕೆ ಆಗಲ್ಲ. ಗುದ್ದಲಿ ಹಿಡಿದು ಆರು ಸಾಲಿನ ಮಧ್ಯೆ ಕಳೆ ತೆಗೆಯೋಕೆ ಈ ಕಾಲು ಒಪ್ಪಲ್ಲ. ತರಕಾರಿ ನಿಂತ್ರೆ ತೋಟವನ್ನ ಪಕ್ಕದ ಜೇನಿನವರಿಗೆ ಬಿಟ್ಟುಕೊಡ್ತೀನಿ, ಅವರು ಪೆಟ್ಟಿಗೆ ಇಡೋಕೆ ಜಾಗ ಕೇಳ್ತಾನೇ ಇದಾರೆ. ಆಮೇಲೆ ನೀನು ವಾಪಸ್ ಬರ್ತೀನಿ ಅಂದ್ರೂ ಇಲ್ಲಿ ಏನೂ ಇರಲ್ಲ. ಖಾಲಿ ಶೆಡ್ಡು ಇರುತ್ತೆ, ನಾನಿರ್ತೀನಿ. ನಿನಗೆ ಅಷ್ಟು ಸಾಕಾಗುತ್ತಾ ಅಂತ ನನಗೆ ಗೊತ್ತಿಲ್ಲ.

ಬೈಯ್ಯೋದನ್ನ ಮುಂದಿನ ಕಾಗದಕ್ಕೆ ಇಟ್ಕೊಂಡಿರೋ
ನಿನ್ನ ತಂಗಿ


ಮಾರ್ಚ್ 15

ತಂಗೀ,

ಕೊಟ್ಬಿಡು.

ಕಾಲು ವಾಸಿ ಅಂತ ಓದಿ ಸಮಾಧಾನ ಆಯ್ತು. ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸು. ಸೊಂಟದ ಎತ್ತರಕ್ಕೆ, ಬಾಗಿಲಿನ ಬಲಗಡೆ.

ನಾನು ಚೆನ್ನಾಗಿದೀನಿ. ಗೋದಾಮಿನಲ್ಲಿ ನಟ್ಟು ಬೋಲ್ಟುಗಳನ್ನ ಅಳತೆ ನೋಡಿ ಡಬ್ಬಿಗೆ ತುಂಬೋ ಕೆಲಸ. ಯಾರೂ ಮಾತಾಡಿಸಲ್ಲ, ನನಗೂ ಅದೇ ಬೇಕು. ರೂಮು ಲಾಂಡ್ರಿಯ ಮಹಡಿ ಮೇಲೆ. ಮಂಚ, ಕುರ್ಚಿ, ಬೀದಿ ಕಡೆ ಒಂದು ಕಿಟಕಿ. ನೆಲ ಇಡೀ ದಿನ ನಡುಗ್ತಿರುತ್ತೆ, ಕೆಳಗೆ ನಾಲ್ಕು ದೊಡ್ಡ ಬಟ್ಟೆ ಒಗೆಯೋ ಯಂತ್ರ ಇವೆ.

ಸೆಪ್ಟೆಂಬರಿನಿಂದ ನಾನು ಯಾವ ಯಂತ್ರಾನೂ ಮುಟ್ಟಿಲ್ಲ. ಮುಟ್ಟೋದೂ ಇಲ್ಲ. ಎಂಜಿನ್ ರಿಪೇರಿ ಮಾಡೋನು ಕಿವಿಯಿಂದ ಕೆಲಸ ಮಾಡ್ತಾನೆ. ಕಿವಿ ಹೋದ ಮೇಲೆ ಅವನ ಕೈಯಿಂದ ಏನಾಗುತ್ತೆ ಅಂತ ನೀನೇ ನೋಡಿದೀಯ.

"ಸರಿ" ಅಂತ ಬರೆಯೋಣ ಅಂತಾನೇ ಕೂತಿದ್ದೆ. ನೀನು ಹೇಳಿದ ಹಾಗೇ ನಾಚಿಕೆ ಆಯ್ತು.

ಅಣ್ಣ


ಮಾರ್ಚ್ 27

ಅಣ್ಣಾ,

ಹಿಡಿಕೆ ಹಾಕಿಸಿದೆ. ಬಾಗಿಲಿನ ಬಲಗಡೆ. ಆರುನೂರು ಮೈಲಿ ಆಚೆ ಕೂತು ಬಚ್ಚಲಿಗೆ ಮೊಳೆ ಹೊಡೆಸೋಕೆ ಬರುತ್ತೆ, ಮನೆಗೆ ಬರೋಕೆ ಮಾತ್ರ ಬರಲ್ಲ.

ಕೊಡೋಣ ಅಂದ್ರೆ ಹೂವಿನ ಅಂಗಡಿಯವರಿಗೆ ಯಂತ್ರ ಓಡೋದನ್ನ ಕಣ್ಣಾರೆ ನೋಡಬೇಕಂತೆ. ಹೊರಗೆ ತಳ್ಳಿಕೊಂಡು ಬಂದು ಹಗ್ಗ ಎಳೆದೆ. ಹನ್ನೊಂದು ಸಲ ಎಳೆದೆ, ಭುಜ ಕಿತ್ತು ಬಂತು. ಹನ್ನೆರಡನೇ ಸಲಕ್ಕೆ ಎದ್ದ. ಎದ್ದಿದ್ದೇನೋ ಎದ್ದ, ಆದ್ರೆ ಅದು ಕೆಂಚನ ದನಿಯೇ ಅಲ್ಲ. ಬುರ್ರ್ರ್ ಅಂತ ಏರ್ತಾನೆ, ಬುಸ್ಸ್ ಅಂತ ಇಳೀತಾನೆ, ಒಂದು ಗಳಿಗೆ ಉಸಿರು ಹಿಡಿದು ಮತ್ತೆ ಬುರ್ರ್ರ್. ಹೀಗೇ ನಾಲ್ಕೈದು ಸಲ ಆಡಿ, ಖೊಕ್ ಖೊಕ್ ಅಂತ ಕೆಮ್ಮಿ ನಿಂತುಬಿಡ್ತಾನೆ. ಚೋಕು ಅರ್ಧ ಎಳೆದು ಹಿಡಿದ್ರೆ ಸ್ವಲ್ಪ ಹೊತ್ತು ನೆಟ್ಟಗಿರ್ತಾನೆ, ಬಿಟ್ರೆ ಮತ್ತೆ ಅದೇ ರಾಗ.

ಹೂವಿನ ಅಂಗಡಿಯವರು ಕಿಸಕ್ಕಂತ ನಕ್ಕು, "ಇದಕ್ಕೆ ದಮ್ಮು ಬಂದಿದೆ ಬಿಡಿ" ಅಂದ್ರು. ಮೈಯೆಲ್ಲ ಉರೀತು ನನಗೆ. ಆ ಯಂತ್ರದಿಂದ ನನ್ನ ಬೆರಳು ಹೋಗಿದೆ, ನಾನು ಬೈದ್ರೆ ಸರಿ. ಇವರು ಯಾರು ನಗೋಕೆ? "ಆಮೇಲೆ ಬನ್ನಿ" ಅಂತ ಕಳಿಸಿದೆ.

ನನ್ನ ಕೈಲಾದಷ್ಟು ಆ ಸದ್ದನ್ನ ಕಾಗದದ ಮೇಲೆ ಮಾಡಿ ತೋರಿಸಿದೀನಿ. ಕಣ್ಣಲ್ಲಿ ಓದಬೇಡ, ಬಾಯಿಬಿಟ್ಟು ಓದು. ಏನಾಗಿದೆ ಅವನಿಗೆ?

ನಿನ್ನ ತಂಗಿ


ಏಪ್ರಿಲ್ 5

ತಂಗೀ,

ಮೂರು ಸಲ ಓದಿದೆ. ಮೂರನೇ ಸಲ ಬಾಯಿಬಿಟ್ಟೇ ಓದಿದೆ. ಗೋದಾಮಿನಲ್ಲಿ ಊಟದ ಹೊತ್ತು. ಎಷ್ಟು ಜೋರಾಗಿ ಓದಿದ್ನೋ ನನಗೇನು ಗೊತ್ತು, ಆಚೆ ಬೆಂಚಿನಲ್ಲಿದ್ದವರೆಲ್ಲ ತುತ್ತು ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು.

ದಮ್ಮು ಗಿಮ್ಮು ಏನೂ ಇಲ್ಲ. ಸೆಪ್ಟೆಂಬರಿನ ಪೆಟ್ರೋಲು ಟ್ಯಾಂಕಿನಲ್ಲೇ ಕೂತು ಕೆಟ್ಟಿದೆ, ಅದರ ಜಿಡ್ಡು ಕಾರ್ಬುರೇಟರಿನ ಜೆಟ್ಟಿಗೆ ಕಟ್ಟಿದೆ. ಎಂಜಿನ್ನಿಗೆ ಗಾಳಿ ಸಿಗ್ತಿದೆ, ಪೆಟ್ರೋಲು ಸಾಲ್ತಿಲ್ಲ. ಚೋಕು ಎಳೆದ್ರೆ ಗಾಳಿ ಕಡಿಮೆಯಾಗಿ ಸರಿಹೋಗುತ್ತೆ. ಆ ಒಂದು ಮಾತು ಬರೆದೆಯಲ್ಲ, ಅದರಿಂದ ಗೊತ್ತಾಯ್ತು.

ಟ್ಯಾಂಕು ಖಾಲಿ ಮಾಡು. ಕಾರ್ಬುರೇಟರಿನ ಕೆಳಗಿನ ಬಟ್ಟಲು ಒಂದೇ ಬೋಲ್ಟಿನಲ್ಲಿ ನಿಂತಿದೆ, ಬಿಚ್ಚು. ಒಳಗೆ ಹಿತ್ತಾಳೆಯ ಚಿಕ್ಕ ತಿರುಪು ಇರುತ್ತೆ, ನಡುವೆ ತೂತು. ಅದೇ ಜೆಟ್ಟು. ಸೂಜಿ ಹಾಕಬೇಡ, ತೂತು ದೊಡ್ಡದಾಗುತ್ತೆ. ಹಳೇ ಬ್ರೇಕ್ ಕೇಬಲ್ಲಿನ ಒಂದು ಎಳೆ ಸಾಕು. ಬೆಳಕಿಗೆ ಹಿಡಿದು ನೋಡು, ದುಂಡಗೆ ಬೆಳಕು ಕಾಣಬೇಕು. ಹೊಸ ಪೆಟ್ರೋಲು ಹಾಕಿ ಓಡಿಸು.

ಇನ್ನೊಂದು ವಿಷಯ. ನನ್ನ ಮಂಚ ಗೋಡೆಗೆ ತಾಗಿದೆ. ಕೆಳಗಿನ ಯಂತ್ರಗಳು ತಿರುಗಿದ್ರೆ ಗೋಡೆ ಅದುರುತ್ತೆ. ಮೊದಲು ಹಿಂಸೆ ಅನ್ನಿಸ್ತಿತ್ತು. ಈಗೀಗ ಅಂಗೈ ಇಟ್ಟು ಕೂತ್ಕೋತೀನಿ. ನಾಲ್ಕರಲ್ಲಿ ಯಾವುದು ಓಡ್ತಿದೆ, ಯಾವುದು ನಿಂತಿದೆ, ಹೇಳಬಲ್ಲೆ. ಮೂರನೇದು ಸುತ್ತಿಗೊಂದು ಸಲ ಒದೀತಿತ್ತು. ಚೀಟಿ ಬರೆದು ಲಾಂಡ್ರಿಯಾಕೆಗೆ ಕೊಟ್ಟೆ: "ಮೂರನೇ ಯಂತ್ರದ ಬೇರಿಂಗು ಹೋಗ್ತಿದೆ." ಆಕೆ ನನ್ನನ್ನ ಮೇಲಿಂದ ಕೆಳಗೆ ನೋಡಿ, ಚೀಟಿ ಹಿಂದೆ ಬರೆದ್ರು: "ನಿಮಗೆ ಕಿವಿ ಕೇಳಲ್ಲ ಅಂದಿದ್ರಲ್ಲ?"

ಹೇಳಿದ್ದಷ್ಟೇ. ಮುಟ್ಟಲಿಲ್ಲ.

ಅಣ್ಣ


ಏಪ್ರಿಲ್ 29

ಅಣ್ಣಾ,

ದುಂಡಗೆ ಬೆಳಕು ಕಂಡಿತು! ಅಡುಗೆಮನೆ ಕಿಟಕಿಗೆ ಹಿಡಿದು ನೋಡಿದೆ, ಸಾಸಿವೆ ಕಾಳಿಗಿಂತ ಸಣ್ಣ ಬೆಳಕು. ಎರಡನೇ ಎಳೆತಕ್ಕೆ ಕೆಂಚ ಎದ್ದ. ಡುಗುಡುಗುಡುಗು ಅಂತ ಒಂದೇ ಸಮ. ಬಾಗಿಲಲ್ಲಿ ನಿಂತು ಕೇಳ್ತಾ ಇದ್ದೆ, ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು.

ಈಗ ನಿಜ ಹೇಳ್ತೀನಿ, ಬೈಯ್ಯಬೇಡ. ಹೂವಿನ ಅಂಗಡಿಯವರಿಗೆ "ಬೇರೆ ಕಡೆ ನೋಡ್ಕೊಳ್ಳಿ" ಅಂತ ಹೇಳಿಬಿಟ್ಟೆ. ಜೇನಿನವರು ತಮ್ಮ ತೋಟ ಅಗೆಸುವಾಗ ನಮ್ಮದನ್ನೂ ಅಗೆಸಿಕೊಟ್ಟಿದ್ರು. ನೀನು "ಕೊಟ್ಬಿಡು" ಅಂತ ಬರೆದ ಮಾರನೇ ವಾರವೇ ನಾನು ಬೀನ್ಸು ಬಿತ್ತಿದ್ದೆ. ಆರು ಸಾಲು. ಗೇಣುದ್ದ ಎದ್ದಿವೆ, ಅವುಗಳ ಜೊತೆ ಕಳೆಯೂ ಎದ್ದಿದೆ.

ನಿನ್ನೆ ಧೈರ್ಯ ಮಾಡಿ ಕೆಂಚನನ್ನ ಸಾಲಿನ ಬಾಯಿಗೆ ತಂದು ನಿಲ್ಲಿಸಿದೆ. ಹಿಡಿಸ್ತಾನೇ ಇಲ್ಲ. ಎರಡೂ ಕಡೆ ಗಿಡದ ಮೇಲೇ ಹಲ್ಲು ಕೂತ್ಕೊಳ್ಳುತ್ತೆ. ಇಷ್ಟು ವರ್ಷ ನೀನು ಇದೇ ತೋಟದಲ್ಲಿ ಆರಾಮಾಗಿ ಓಡಿಸ್ತಿದ್ದೆಯಲ್ಲ, ನಂದೇನು ಕರ್ಮ ಅಂತ ಟೇಪು ತಂದು ಅಳೆದೆ. ಯಂತ್ರ ಇಪ್ಪತ್ತನಾಲ್ಕು ಇಂಚು. ಸಾಲಿಂದ ಸಾಲಿಗೆ ಇಪ್ಪತ್ತಮೂರು.

ಅಪ್ಪ ಹೇಳಿಕೊಟ್ಟಿದ್ದ ಅಳತೆಯಲ್ಲೇ ಬಿತ್ತಿದ್ದೆ ಅಣ್ಣಾ. ಸಾಲಿಂದ ಸಾಲಿಗೆ ಮೂರು ಪಾದ, ಹಿಮ್ಮಡಿಗೆ ಬೆರಳು ತಾಗಿಸಿ. ನೀನೂ ಹಾಗೇ ಹಾಕ್ತಿದ್ದೆ. ನಿನ್ನದು ಹನ್ನೊಂದು ಇಂಚಿನ ದೋಣಿ. ನಾನು ಬರಿಗಾಲಲ್ಲಿ ಅಳೆದೆ, ಎಡ, ಬಲ, ಎಡ. ಬಲಗಾಲು ಒಂಬತ್ತು ಇಂಚು. ಎಡಗಾಲು ಈಗ ಏಳು. ಏಳು, ಒಂಬತ್ತು, ಏಳು. ಆರು ಸಾಲಿಗೂ ಎಡಗಾಲಲ್ಲೇ ಶುರು ಮಾಡಿದೀನಿ.

ಟೇಪು ಕೈಯಲ್ಲಿ ಹಿಡ್ಕೊಂಡು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಬೆರಳಿಲ್ಲದ ಪಾದದಿಂದ ತೋಟ ಅಳೆಯೋ ಪೆದ್ದಿ ಇನ್ನೊಬ್ಬಳು ಸಿಗ್ತಾಳಾ? ಆಮೇಲೆ ಯಾಕೋ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

ಕಿತ್ತು ಹಾಕಲಾ? ಏನಾದ್ರೂ ದಾರಿ ಇದೆಯಾ?

ಪೆದ್ದ ತಂಗಿ


ಮೇ 8

ತಂಗೀ,

ಕೀಳಬೇಡ. ದಾರಿ ಇದೆ.

ಕೆಂಚನ ಮುಂದೆ ಹಲ್ಲಿನ ಚಕ್ರ ನಾಲ್ಕಿವೆ, ಆ ಕಡೆ ಎರಡು, ಈ ಕಡೆ ಎರಡು. ಹೊರಗಿನ ಎರಡನ್ನ ತೆಗೆದುಬಿಡಬಹುದು. ಮೊದಲು ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕಿಡು. ಇದನ್ನ ಮರೆತ್ರೆ ನಾನು ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ. ಆಮೇಲೆ ಅಚ್ಚಿನ ತುದಿಯ ಪಿನ್ನು ಎಳೆದು, ಹೊರಗಿನ ಚಕ್ರ ಜಾರಿಸು. ಉಳಿಯೋ ಅಗಲ ಹನ್ನೆರಡು ಇಂಚು. ನಿನ್ನ ಇಪ್ಪತ್ತಮೂರರಲ್ಲಿ ಎರಡೂ ಕಡೆ ಅಂಗೈಯಗಲಕ್ಕಿಂತ ಹೆಚ್ಚು ಜಾಗ ಸಿಗುತ್ತೆ.

ಹಿಂದೆ ಒಂದು ಕಂಬಿ ಇಳಿಬಿದ್ದಿರುತ್ತೆ, ಅದಕ್ಕೆ ಐದು ತೂತು. ಕಂಬಿ ಕೆಳಗಿಳಿಸಿದ್ರೆ ಮಣ್ಣು ಕಚ್ಚಿ ಹಿಡಿದು ಯಂತ್ರವನ್ನ ತಡೆಯುತ್ತೆ, ಹಲ್ಲು ನಿಂತಲ್ಲೇ ಆಳಕ್ಕೆ ಇಳಿಯುತ್ತೆ. ಮೇಲೆತ್ತಿದ್ರೆ ಯಂತ್ರ ಮುಂದೆ ಓಡುತ್ತೆ, ಮೇಲುಮಣ್ಣು ಮಾತ್ರ ಕೆದಕುತ್ತೆ. ಸಾಲಿನ ಮಧ್ಯೆ ಎರಡು ಇಂಚಿಗಿಂತ ಆಳ ಹೋಗಬಾರದು, ಬೀನ್ಸಿನ ಬೇರು ಪಕ್ಕಕ್ಕೆ ಹರಡಿರುತ್ತೆ. ಕಂಬಿ ಮೇಲೆತ್ತಿ, ಕೆಳಗಿಂದ ಎರಡನೇ ತೂತಿಗೆ ಪಿನ್ನು ಹಾಕು. ವೇಗ ಪೂರ್ತಿ ಕಡಿಮೆ ಇರಲಿ. ಹಿಡಿಕೆ ಒತ್ತಬೇಡ, ತಳ್ಳಬೇಡ. ಅದು ಹೋಗುತ್ತೆ, ನೀನು ಹಿಂದೆ ನಡಿ, ಅಷ್ಟೇ.

ಸಾಲಿನ ಕೊನೆಯಲ್ಲಿ ಹಲ್ಲು ನಿಲ್ಲಿಸಿ ಆಮೇಲೆ ತಿರುಗಿಸು. ತಿರುಗಿಸೋ ಮೊದಲು ಹಿಂದೆ ನೋಡು. ಪ್ರತಿ ಸಲ.

ಏಳು, ಒಂಬತ್ತು, ಏಳು ಅಂತ ಓದಿದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ನಿನಗೆ ನಗು ಬಂತಲ್ಲ, ನನಗೆ ಬರಲಿಲ್ಲ.

ಇದನ್ನ ಒಂದೇ ಸಲ ಬರೀತೀನಿ. ಅವತ್ತು ನೀನು ಕೂಗಿದ್ದು ನನಗೆ ಕೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಜೇನಿನವರು ಕಾಗದದ ಮೇಲೆ ಬರೆದು ತೋರಿಸಿದ್ರು: "ಪಾಪ, ಎಷ್ಟು ಕೂಗಿಕೊಂಡರೋ!" ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಬಸ್ಸಿನ ಹಾರನ್ನು ಕೇಳದ ಈ ಕಿವಿಗೆ ನಿನ್ನ ಆ ಕೂಗು ದಿನಾ ಕೇಳುತ್ತೆ. ಬೋಲ್ಟು ಎಣಿಸುವಾಗ ಕೇಳುತ್ತೆ, ಹಲ್ಲುಜ್ಜುವಾಗ ಕೇಳುತ್ತೆ. ಎಲ್ಲ ದನಿಯೂ ಹೋಗಿ ಅದೊಂದು ಉಳ್ಕೊಂಡಿದೆ. ಅದಕ್ಕೇ ಬರಲ್ಲ. ಮತ್ತೆ ಕರೀಬೇಡ.

ಅಣ್ಣ


ಮೇ 17

ಅಣ್ಣಾ,

ನಿನ್ನ ಕಾಗದದ ಕೊನೆಯ ಭಾಗಕ್ಕೆ ಇವತ್ತು ಉತ್ತರ ಬರೆಯೋಕೆ ಆಗ್ತಿಲ್ಲ. ಎರಡು ಸಲ ಬರೆದು ಹರಿದೆ. ಯಂತ್ರದ್ದು ಮಾತ್ರ ಬರೀತೀನಿ.

ಪ್ಲಗ್ಗಿನ ವೈರು ಕಿತ್ತೆ. ಹೊರಗಿನ ಚಕ್ರ ಎರಡೂ ತೆಗೆದೆ. ಒಳಗಿನವಕ್ಕೆ ಹಳೇ ಬೇರು, ದಾರ, ಏನೇನೋ ಸುತ್ತಿಕೊಂಡಿತ್ತು, ಅವನ್ನೂ ಬಿಚ್ಚಿ ತೊಳೆದು ಒರೆಸಿ ಹಾಕಿದೆ. ಕಂಬಿ ಎರಡನೇ ತೂತಿಗೆ. ಸಾಲಿಗೆ ಇಳಿಸಿದ್ರೆ ಕೆಂಚ ಅಗೆಯೋದೇ ಇಲ್ಲ, ಕುಣೀತಾನೆ! ಟಣ್ ಟಣ್ ಟಣ್ ಅಂತ ಮಣ್ಣಿನ ಮೇಲೆ ಕುಪ್ಪಳಿಸಿಕೊಂಡು ಹೋಗ್ತಾನೆ, ನನ್ನ ಎರಡೂ ಕೈ ಅದರ ಜೊತೆ ಕುಣಿಯುತ್ತೆ. ಹುಲ್ಲಿನ ಒಂದು ಎಸಳೂ ಕಿತ್ತು ಬರಲಿಲ್ಲ. ಕಂಬಿ ಇಳಿಸಿದೆ, ಎತ್ತಿದೆ, ಏನೂ ಬದಲಾಗಲಿಲ್ಲ. ಜೇನಿನವರು ಬೇಲಿ ಮೇಲೆ ಕೈಯಿಟ್ಟು ನೋಡ್ತಾ, "ಚೆನ್ನಾಗಿದೆ, ಟಿಕೆಟ್ ಇಡಿ" ಅಂದ್ರು.

ಏನು ತಪ್ಪು ಮಾಡಿದೀನಿ ಹೇಳು. ಯಂತ್ರದ ವಿಷಯದಲ್ಲಿ.

ತಂಗಿ


ಮೇ 24

ತಂಗೀ,

ಒಳಗಿನ ಚಕ್ರ ಎರಡನ್ನೂ ಅದಲು ಬದಲು ಹಾಕಿದೀಯ. ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ. ಚಪ್ಪಲಿ ಅದಲು ಬದಲಾದ್ರೆ ಹೇಗೋ ನಡೀಬಹುದು, ಇದು ಆಗಲ್ಲ. ಹಲ್ಲಿನ ಬಾಗಿದ ಅಂಚಿನಲ್ಲಿ ಒಂದು ಕಡೆ ಚೂಪು, ಇನ್ನೊಂದು ಕಡೆ ಮೊಂಡು. ತಿರುಗುವಾಗ ಚೂಪು ಮೊದಲು ಮಣ್ಣಿಗೆ ತಾಗಬೇಕು. ಈಗ ಬೆನ್ನಿನಿಂದ ಗುದ್ತಿದೆ, ಅದಕ್ಕೇ ಕುಣಿಯುತ್ತೆ. ನಾನು ಕೆಲಸ ಕಲಿಯುವಾಗ ಇದೇ ತಪ್ಪು ಮಾಡಿ ಅಪ್ಪನಿಂದ ಬೈಸಿಕೊಂಡಿದ್ದೆ. ನಿನಗೆ ಯಾರೂ ಕಲಿಸಲೇ ಇಲ್ಲ, ನಾನೂ ಕಲಿಸಲಿಲ್ಲ. ಕೇಳಿದಾಗೆಲ್ಲ "ನಿನಗ್ಯಾಕೆ" ಅಂದೆ. ಅದು ತಪ್ಪಾಯ್ತು.

ಲಕೋಟೆಯಲ್ಲಿ ದಾರ ಇಟ್ಟಿದೀನಿ. ಎರಡು ಗಂಟಿನ ಮಧ್ಯೆ ಮೂವತ್ತಮೂರು ಇಂಚು. ಮುಂದಿನ ಬಿತ್ತನೆಗೆ ಪಾದದ ಲೆಕ್ಕ ಬಿಟ್ಟು ಇದನ್ನ ಹಿಡಿ.

ಮೂರನೇ ಯಂತ್ರ ನಿಂತೇಹೋಯ್ತು. ಬೇರಿಂಗೇ. ಲಾಂಡ್ರಿಯಾಕೆ ನನ್ನ ಹಳೇ ಚೀಟಿ ಹಿಡ್ಕೊಂಡು ಮಹಡಿ ಹತ್ತಿ ಬಂದ್ರು. ಏನೋ ತುಂಬ ಹೊತ್ತು ಹೇಳಿದ್ರು, ನನಗೆ ಅರ್ಥ ಆಗಿದ್ದು ಕೈಮುಗಿದಿದ್ದು ಮಾತ್ರ. ಇಳಿದು ಹೋಗಿ ಹಾಕಿಕೊಟ್ಟೆ. ಮೂರು ಗಂಟೆ ಹಿಡೀತು. ಕೈಯೆಲ್ಲ ಗ್ರೀಸು. ಆಮೇಲೆ ತುಂಬ ಹೊತ್ತು ಕೈ ತೊಳೀಲಿಲ್ಲ.

ಕೊನೆಯ ಭಾಗಕ್ಕೆ ಉತ್ತರ ಬೇಡ. ಅದಕ್ಕೆ ಉತ್ತರ ಇಲ್ಲ.

ಅಣ್ಣ


ಜೂನ್ 2

ಅಣ್ಣಾ,

ಉತ್ತರ ಇದೆ. ಅದಕ್ಕೇ ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಮೊದಲು ಕೆಂಚನ ಸುದ್ದಿ. ಚಕ್ರ ಸರಿಯಾಗಿ ಹಾಕಿ ನಿನ್ನೆ ಆರು ಸಾಲೂ ಮುಗಿಸಿದೆ. ಎರಡೇ ಇಂಚು. ಮಣ್ಣು ಪುಡಿಪುಡಿಯಾಗಿ ಪಕ್ಕಕ್ಕೆ ಬೀಳುತ್ತೆ, ಕಳೆ ಬೇರು ಮೇಲೆ ಮಾಡಿ ಬಿದ್ಕೊಂಡಿರುತ್ತೆ, ಗಿಡ ಅಲ್ಲಾಡೋದೂ ಇಲ್ಲ. ನೀನು ಹೇಳಿದ ಹಾಗೇ ಹಿಂದೆ ನಡೆದೆ ಅಷ್ಟೇ. ಪ್ರತಿ ಸಾಲಿನ ಕೊನೆಯಲ್ಲಿ ಹಲ್ಲು ನಿಲ್ಲಿಸಿ, ಹಿಂದೆ ನೋಡಿ, ಆಮೇಲೆ ತಿರುಗಿಸಿದೆ. ಆರು ಸಲ ಹಿಂದೆ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಆರನೇ ಸಲ ಇನ್ನು ಹೇಳದೆ ಇರೋಕಾಗಲ್ಲ ಅನ್ನಿಸ್ತು.

ಅಣ್ಣಾ, ನಾನು ಅವತ್ತು ಕೂಗಲೇ ಇಲ್ಲ.

ನೆನಪು ಮಾಡ್ಕೋ. ನಾಲ್ಕು ದಿನದ ಮುಂಚೆ ಜಗಳ ಆಗಿತ್ತು. "ಕಿವಿ ಡಾಕ್ಟರಿಗೆ ತೋರಿಸು" ಅಂತ ನಾನು, "ನನ್ನ ಕಿವಿ ನೆಟ್ಟಗಿದೆ, ನೀನೇ ಬಾಯೊಳಗೆ ಗೊಣಗ್ತೀಯ" ಅಂತ ನೀನು. ನಾನು ಮಾತು ಬಿಟ್ಟೆ. ನನ್ನ ಅಭ್ಯಾಸ ಗೊತ್ತಲ್ಲ, ಸಿಟ್ಟು ಬಂದ್ರೆ ಬಾಯಿಗೆ ಬೀಗ. ತಮಾಷೆ ಅಂದ್ರೆ ನಾನು ಮಾತು ಬಿಟ್ಟಿದೀನಿ ಅಂತ ಗೊತ್ತಾಗೋಕೇ ನಿನಗೆ ಎರಡು ದಿನ ಬೇಕಾಯ್ತು. ಅದಕ್ಕೆ ಇನ್ನೂ ಸಿಟ್ಟು ಬಂತು.

ಅವತ್ತು ಊಟಕ್ಕೆ ಕರೆಯೋಕೆ ತೋಟಕ್ಕೆ ಬಂದೆ. ಕರೆಯೋದು ಅಂದ್ರೆ ಬಾಯಿಬಿಡಬೇಕಲ್ಲ. ಬಿಡಲಿಲ್ಲ. ನೀನು ಸಾಲಿನ ಕೊನೆಗೆ ಬರ್ತಿದ್ದೆ, ನಾನು ನಿನ್ನ ಹಿಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ತಾನಾಗೇ ತಿರುಗಿ ನೋಡಲಿ, ಆಗ ಬೆರಳು ತೋರಿಸಿ ಮನೆ ಕಡೆ ಸನ್ನೆ ಮಾಡ್ತೀನಿ ಅಂತ. ನೀನು ತಿರುಗಿದೆ. ಯಂತ್ರದ ಸಮೇತ ತಿರುಗಿದೆ.

ಬೆರಳು ಹೋದ ಮೇಲೆ ಅತ್ತೆ, ಕಿರುಚಿದೆ. ಜೇನಿನವರು ಕೇಳಿದ್ದು ಅದು. ಅದಕ್ಕೂ ಮುಂಚೆ ನನ್ನ ಬಾಯಿಂದ ಒಂದು ಅಕ್ಷರ ಹೊರಟಿರಲಿಲ್ಲ. ಅವರು "ಎಷ್ಟು ಕೂಗಿದ್ರೋ ಪಾಪ" ಅಂದಾಗ ನಾನು ಹಾಸಿಗೆ ಮೇಲೆ ಕಣ್ಣುಮುಚ್ಚಿ ಸುಮ್ಮನೆ ಮಲಗಿದ್ದೆ. ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಅಷ್ಟು ನೋವಿತ್ತು, ತಪ್ಪು ಪೂರ್ತಿ ನಿನ್ನದೇ ಆಗಿರಲಿ ಅನ್ನಿಸ್ತು. ಆಮೇಲೆ ನೀನು ಪೆಟ್ಟಿಗೆ ಕಟ್ಟಿದೆ. ಆಗಲೂ ಹೇಳಲಿಲ್ಲ. ನಾಳೆ ಹೇಳಿದ್ರಾಯ್ತು, ಮುಂದಿನ ವಾರ ಹೇಳಿದ್ರಾಯ್ತು ಅಂತ ಇಲ್ಲಿವರೆಗೆ ಬಂದೆ.

ನೀನು ದಿನಾ ಕೇಳ್ತಿರೋ ಆ ಕೂಗು ಇಲ್ಲವೇ ಇಲ್ಲ ಅಣ್ಣಾ. ನಿನಗೆ ಕಿವಿ ಕೇಳಿಸ್ತಿದ್ರೂ ಅವತ್ತು ಏನೂ ಕೇಳಿಸ್ತಿರಲಿಲ್ಲ.

ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ. ಆದ್ರೂ ಕೇಳ್ತೀನಿ.

ತಂಗಿ


ಜೂನ್ 30

ಅಣ್ಣಾ,

ನಾಲ್ಕು ವಾರ ಆಯ್ತು. ಅಂಚೆಯವರು ಗೇಟಿನ ಹತ್ತಿರ ಬಂದಾಗೆಲ್ಲ ನಾನೇ ಮೊದಲು ಹೋಗಿ ನಿಂತಿರ್ತೀನಿ. ಈಗ ಅವರೇ ದೂರದಿಂದ ತಲೆ ಅಲ್ಲಾಡಿಸಿ ಹೋಗ್ತಾರೆ.

ನಿನ್ನ ದಾರ ಹಿಡಿದು ಬೀಟ್‌ರೂಟು ಬಿತ್ತಿದೀನಿ. ಮೂವತ್ತಮೂರು ಇಂಚು, ಒಂದು ಕೂದಲೆಳೆ ಆಚೀಚೆ ಇಲ್ಲ. ಎರಡೆಲೆ ಬಿಟ್ಟಿವೆ.

ನೀನು ಮಾತು ಬಿಟ್ಟಿದ್ರೆ ಬಿಡು. ಅದು ಹೇಗಿರುತ್ತೆ ಅಂತ ನನಗೂ ಗೊತ್ತಾಗಬೇಕಿತ್ತು. ಬರೀ "ಸರಿ" ಅಂತ ಕಳಿಸಿದ್ರೂ ಇಟ್ಕೋತೀನಿ.

ತಂಗಿ


ಜುಲೈ 6

ತಂಗೀ,

ಸಿಟ್ಟು ಬಂತು. ಇಂಥ ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಜೇನಿನವರ ಆ ಕಾಗದ ಹರಿದೆ, ನಿನ್ನದನ್ನೂ ಹರಿಯೋಕೆ ಹೋದೆ. ಒಂಬತ್ತು ತಿಂಗಳು ತಂಗೀ. ಅದರಲ್ಲಿ ಎಂಟು ತಿಂಗಳು ಸ್ಪ್ಯಾನರ್ ಕಂಡ್ರೆ ಕೈ ಜೇಬಿಗೆ ಹಾಕ್ಕೋತಿದ್ದೆ. ನಿನ್ನ ಬಾಯಿಂದ ಬಾರದ ಒಂದು ಮಾತಿಗೆ.

ಮೂರು ವಾರ ಹಾಗೇ ಕಳೀತು. ಆಮೇಲೆ ಒಂದು ದಿನ ಲಾಂಡ್ರಿಯಲ್ಲಿ ಎರಡನೇ ಯಂತ್ರದ ಬೆಲ್ಟು ಬದಲಾಯಿಸ್ತಿದ್ದೆ. ಹೌದು, ಈಗ ಅಲ್ಲಿನ ನಾಲ್ಕೂ ನಾನೇ ನೋಡ್ಕೋತೀನಿ. ಹಿಂದೆ ಸರಿಯೋ ಮೊದಲು ತಲೆ ತಿರುಗಿಸಿ ನೋಡಿದೆ. ಲಾಂಡ್ರಿಯಾಕೆ ಬಟ್ಟೆ ಬುಟ್ಟಿ ಹಿಡ್ಕೊಂಡು ನಿಂತಿದ್ರು. ಯಾವಾಗ ಬಂದ್ರೋ. ಆಕೆ ಏನೂ ಅಂದಿರಲಿಲ್ಲ, ನಾನು ನೋಡಿದ್ದಕ್ಕೆ ಏನೂ ಆಗಲಿಲ್ಲ.

ಹಿಂದೆ ನೋಡೋದು ಕಣ್ಣಿನ ಕೆಲಸ, ಕಿವಿಯದಲ್ಲ. ಹಲ್ಲು ನಿಲ್ಲಿಸಿ ತಿರುಗಿಸು, ತಿರುಗಿಸೋ ಮೊದಲು ನೋಡು ಅಂತ ಅಪ್ಪ ಕಲಿಸಿದ ಮೊದಲ ಪಾಠ. ನಿನಗೆ ಕಾಗದದಲ್ಲಿ ಬರೆದೆ, ಅವತ್ತು ನಾನು ಮಾಡಲಿಲ್ಲ. ನೀನು ಕೂಗಬೇಕಿತ್ತು, ನಾನು ನೋಡಬೇಕಿತ್ತು. ಅವತ್ತು ಇಬ್ಬರೂ ಹಟಕ್ಕೆ ಬಿದ್ದಿದ್ವಿ. ನಿನ್ನ ಬೆರಳು ಹೋಯ್ತು.

ಕ್ಷಮಿಸಿದೀನಾ ಅಂದ್ರೆ, ಗೊತ್ತಿಲ್ಲ. ಬೆಳಿಗ್ಗೆ ಕ್ಷಮಿಸಿರ್ತೀನಿ, ಸಂಜೆಗೆ ಮತ್ತೆ ಸಿಟ್ಟು ಬಂದಿರುತ್ತೆ. ಅಲ್ಲಿಗೆ ಬಂದೇ ನೋಡಬೇಕು.

ಒಂದು ಮಾತ್ರ ವಿಚಿತ್ರ. ಆ ಕೂಗು ನಿಂತುಹೋಗಿದೆ. ಸುಳ್ಳು ಅಂತ ಗೊತ್ತಾದ ದಿನದಿಂದ ಕೇಳ್ತಿಲ್ಲ. ಒಳಗೆ ಪೂರ್ತಿ ನಿಶ್ಶಬ್ದ. ಒಳ್ಳೇದೇ ಆಯ್ತು ಅನ್ಕೊಂಡಿದ್ದೆ. ಆದ್ರೆ ನನಗೆ ಕೇಳ್ತಿದ್ದ ಒಂದೇ ದನಿ ನಿನ್ನದು, ಅದೂ ಹೋಯ್ತು.

ಹದಿನೈದನೇ ತಾರೀಕು ಬರ್ತೀನಿ. ಕಿವಿ ಡಾಕ್ಟರಿಗೆ ಹೆಸರು ಬರೆಸಿಡು. ಒಂದು ಸೈಕಲ್ ಕನ್ನಡಿ ತಗೊಂಡಿದೀನಿ, ಕೆಂಚನ ಹಿಡಿಕೆಗೆ ಕಟ್ಟೋಕೆ. ಬೀಟ್‌ರೂಟಿನ ಸಾಲಿಗೆ ನಾನು ಬರೋವರೆಗೆ ಇಳೀಬೇಡ.

ಅಣ್ಣ


ಜುಲೈ 19

ಅಣ್ಣಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೀತಾಳೆ ಅಂತ ನಗಬೇಡ. ಇದನ್ನ ನಿನ್ನ ತಟ್ಟೆ ಕೆಳಗೆ ಇಟ್ಟು, ನೀನು ಕೈ ತೊಳೆದು ಬರೋದನ್ನ ಕಾಯ್ತಾ ಕೂತಿದೀನಿ. ಬಾಯಲ್ಲಿ ಹೇಳೋಕೆ ಹೋದ್ರೆ ನೀನು "ಆಂ? ಆಂ?" ಅಂತೀಯ, ನಾನು ಅತ್ತುಬಿಡ್ತೀನಿ.

ಇವತ್ತು ಮಧ್ಯಾಹ್ನ ನೀನು ನಾಲ್ಕನೇ ಸಾಲಿನ ಕೊನೆಯಲ್ಲಿ ಹಲ್ಲು ನಿಲ್ಲಿಸಿದೆ. ಕನ್ನಡಿಯಲ್ಲಿ ನನ್ನನ್ನ ನೋಡಿದೆ. ಆಮೇಲೂ ನಂಬಿಕೆ ಸಾಲದೆ ಕತ್ತು ತಿರುಗಿಸಿ ನೋಡಿದೆ. "ಏನೇ?" ಅಂದೆ. ನಾನು ಊಟದ ಸನ್ನೆ ಮಾಡಿದೆ. ನಿನಗೆ ಗೊತ್ತಿರೋದು ಇಷ್ಟು.

ಗೊತ್ತಿಲ್ಲದ್ದು ಹೇಳ್ತೀನಿ. ನೀನು ಆ ಸಾಲಿನ ನಡುವೆ ಇದ್ದಾಗಲೇ ನಾನು ಬಂದು ನಿಂತಿದ್ದೆ. ನಿಂತು ಕೂಗಿದೆ. "ಅಣ್ಣಾ!" ಅಂತ, ಹೊಟ್ಟೆಯ ಆಳದಿಂದ. ಮೂರು ಸಲ. ಬೇಲಿ ಮೇಲಿದ್ದ ಹಕ್ಕಿಗಳೆಲ್ಲ ಎದ್ದುಹೋದವು. ಜೇನಿನವರು ಮುಖದ ಪರದೆ ತೆಗೆಯದೇ ಓಡಿಬಂದು, "ಏನಾಯ್ತು? ಏನಾಯ್ತು?" ಅಂದ್ರು. "ಏನೂ ಆಗಿಲ್ಲ, ಅಣ್ಣನ್ನ ಊಟಕ್ಕೆ ಕರೀತಿದೀನಿ" ಅಂದೆ. ನಿನಗೆ ಕೇಳಲ್ಲ ಅಂತ ಗೊತ್ತಿತ್ತು. ಆದ್ರೂ ಕೂಗಿದೆ.

ನಿನ್ನೊಳಗೆ ಈಗ ಏನೂ ಕೇಳಲ್ಲ ಅಂತ ಬರೆದಿದ್ದೆಯಲ್ಲ. ಖಾಲಿಯಾದ ಆ ಜಾಗಕ್ಕೆ ಇದನ್ನ ಇಟ್ಕೋ. ಇದು ನಿಜವಾಗಿ ಕೂಗಿದ್ದು. ಸಂಶಯ ಇದ್ರೆ ಜೇನಿನವರನ್ನ ಕೇಳು, ಬರೆದು ಕೊಡ್ತಾರೆ.

ಊಟ ಆರ್ತಿದೆ.

ನಿನ್ನ ಎದುರು ಕೂತಿರೋ
ತಂಗಿ